ಮನಿ ನೋಡ್ಲಾಕ ಇಂಜಿನಿಯರ್ ಬರ್ಲಾಕತ್ಯಾರ, ಮೊದ್ಲು ಏನ್ ರಿಪೇರಿ ಮಾಡಿಸ್ಲಿ?

ಸೇಡಂ ರೋಡ್ ಮನಿ:
ಎಲ್ಲಾರಿಗೂ ನಮಸ್ಕಾರ್ರಿ. ಕಲಬುರಗಿ ಸೇಡಂ ರೋಡ್ ಕಡಿ ನಮ್ಮಪ್ಪ 1998ರಾಗ ಕಟ್ಟಿಸಿದ ಮನಿ ಅದ, ಈಗ ಮಾರ್ಲಾಕತ್ತೀವಿ. ರೇಟ್ ಮಾತಾಗ್ಯದ, ಆದ್ರ ತಗೊಳ್ಳೋರು ಮುಂದಿನ ಐತವಾರ ತಮ್ಮ ಇಂಜಿನಿಯರ್‌ನ ಕರ್ಕೊಂಡು ಬರ್ತೀವಿ ಅಂದಾರ, ಆಮ್ಯಾಲ ಲೋನ್ ಸಲುವಾಗಿ ಬ್ಯಾಂಕಿನವ್ರೂ ಬರ್ತಾರ. ಹಾಲ್ ಕಿಡಕಿ ಮೂಲಿಯಿಂದ ಮ್ಯಾಲಕ್ಕ ಓರೆಯಾಗಿ ಬಿರುಕು ಬಿಟ್ಟದ, ಬಚ್ಚಲಮನಿ ಹಿಂದಿನ ಗೋಡಿ ಬಣ್ಣ ಹಪ್ಪಳದಂಗ ಎದ್ದು ಉದುರ್ತದ. ಪೇಂಟರ್ ಪುಟ್ಟಿ ಹಚ್ಚಿ ಎರಡು ಕೋಟ್ ಹೊಡದ್ರ ಏನೂ ಕಾಣಂಗಿಲ್ಲ ಅಂತಾನ. ನನಗ ಮನಸ್ಸು ಒಪ್ಪವಲ್ದು. ಕೈಯಾಗ 9 ದಿನ ಅದಾವ, ಏನ್ ಮಾಡ್ಲಿ ಹೇಳ್ರಿ.

ಗೌಂಡಿ ಕೆಲಸ:
ಅಣ್ಣಾ ಪುಟ್ಟಿ ಹಚ್ಚಬ್ಯಾಡ್ರಿ. ಹಸಿ ಗೋಡಿ ಮ್ಯಾಲ ಪುಟ್ಟಿ ನಿಲ್ಲಂಗಿಲ್ಲ, ಒಂದೇ ಗೋಡಿಗೆ ಹೊಸ ಬಣ್ಣ ಇದ್ರ ಇಂಜಿನಿಯರ್ ಕಣ್ಣು ಮೊದ್ಲು ಅಲ್ಲಿಗೇ ಹೋಗ್ತದ. ಬಚ್ಚಲ ಗೋಡಿಯೊಳಗ ನೀರು ಎಲ್ಲಿಂದ ಬರ್ತದ ಅದನ್ನ ಹುಡುಕ್ರಿ. ರಾತ್ರಿ ಎಲ್ಲಾ ನಳ ಬಂದ್ ಮಾಡಿ ಮ್ಯಾಲಿನ ಟ್ಯಾಂಕಿನಾಗ ನೀರಿನ ಮಟ್ಟಕ್ಕ ಗುರ್ತು ಹಾಕ್ರಿ, ಮುಂಜಾನಿಗೆ ಇಳದಿದ್ರ ಪೈಪ್ ಇಲ್ಲಾ ಟ್ಯಾಂಕ್ ಎಲ್ಲೋ ಸೋರ್ಲಾಕತ್ಯದ ಅಂತ ತಿಳ್ಕೊಳ್ರಿ. ಇನ್ನ ಬಿರುಕಿನ ಮಾತು, ನಿಮ್ಮ ಕಡಿ ಎರಿ ಭೂಮಿ, ಬ್ಯಾಸಗ್ಯಾಗ ಒಣಗಿ ಕುಗ್ತದ ಮಳಿಗಾಲದಾಗ ನೀರು ಕುಡದು ಉಬ್ತದ, ಅದರ ಜೋಡಿ ಪಾಯಾನೂ ಅಲಗಾಡ್ತದ. ಬಿರುಕು ಕಾಲಕ್ಕ ತಕ್ಕಂಗ ತೆರದು ಮುಚ್ತದೋ, ವರ್ಷಾ ವರ್ಷಾ ಅಗಲಾಗ್ಲಾಕತ್ಯದೋ ಅನ್ನೋದೇ ಮುಖ್ಯ. ಮನ್ಯಾಗ ಹಿರ್ಯಾರಿದ್ರ ಕೇಳ್ರಿ.

ಸೇಡಂ ರೋಡ್ ಮನಿ:
ಅವ್ವಗ ಕೇಳ್ದೆ. "ಬ್ಯಾಸಗ್ಯಾಗ ಆ ಸೀಳಿನಾಗ ಊದಿನಕಡ್ಡಿ ಸಿಗಸ್ತಿದ್ದೆ, ಶ್ರಾವಣದಾಗ ಹೋಗ್ತಿದ್ದಿಲ್ಲ" ಅಂದಳು. 20 ವರ್ಷದಿಂದ ಹಂಗೇ ಅದ ಅಂತ.

ಗೌಂಡಿ ಕೆಲಸ:
ಹಂಗಿದ್ರ ಇದೇ ಮಾತು ಇಂಜಿನಿಯರ್‌ಗೂ ಹೇಳ್ರಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರಿ ಎಳದು ತಾರೀಖು ಬರೀರಿ. ಮಾಳಗಿ ನೀರು ಗೋಡಿ ಬುಡಕ್ಕೇ ಬೀಳ್ತಿದ್ರ ಪೈಪ್ ಹಾಕಿಸಿ ದೂರ ಬಿಡಸ್ರಿ, ಮಾಳಗಿ ಮ್ಯಾಲ ನೀರು ಹೋಗೋ ಬಾಯಾಗಿನ ಕಸಾನೂ ತಗೀರಿ.

ಬೀದರ್ ಅಕ್ಕ:
ನಾವು ಹೋದ ವರ್ಷ ಮನಿ ತಗೊಂಡೋರು, ನೋಡ್ಲಾಕ ಹೋದಾಗ ಒಂದು ಗೋಡಿಗೆ ದೊಡ್ಡ ಕಪಾಟು ಒತ್ತಿ ಇಟ್ಟಿದ್ರು, ಸರಸ್ಲಿಲ್ಲ ನಾವೂ ಕೇಳ್ಲಿಲ್ಲ, ಮಳಿ ಸುರು ಆದಮ್ಯಾಲ ಅದರ ಹಿಂದಿನ ಗೋಡಿ ಪೂರಾ ಹಸಿ. ಭಾಳ ಸಂಕಟ ಆಯ್ತ್ರಿ. ನೀವು ಹಂಗ ಮಾಡಬ್ಯಾಡ್ರಿ ತಮ್ಮಾ, ಗೋಡಿ ಖಾಲಿ ಬಿಡ್ರಿ, ಮೀಟರ್ ಬೋರ್ಡು, ಸಂಪು, ಮಾಳಗಿ ಮೆಟ್ಟಲ ಎಲ್ಲಾ ಕೈಗೆ ಸಿಗೋ ಹಂಗ ಇಡ್ರಿ.

ದಾಖಲೆ ಕೆಲಸ:
ಅಕ್ಕಾರು ಹೇಳಿದ್ದು ಖರೆ, ಕಾಯ್ದೇನೂ ಅದನ್ನೇ ಹೇಳ್ತದ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಕಲಂ 55 ಪ್ರಕಾರ ತನಗ ಗೊತ್ತಿರೋ, ತಗೊಳ್ಳೋರಿಗೆ ಸಾಮಾನ್ಯ ಕಾಳಜಿಲೆ ನೋಡಿದ್ರೂ ಗೊತ್ತಾಗದಂಥ ದೊಡ್ಡ ದೋಷ ಮಾರೋವ್ರು ಮುಚ್ಚಿಡಂಗಿಲ್ಲ. ಇ-ಖಾತಾ, ಇಸಿ (ಆಸ್ತಿ ಮ್ಯಾಲ ಸಾಲ, ಋಣ ಅದಾವೇನು ತೋರ್ಸೋ ಪತ್ರ), ಟ್ಯಾಕ್ಸ್ ರಸೀದಿ, ಮನಿ ನಕ್ಷೆ ಒಂದೇ ಫೈಲಿನಾಗ ಇಡ್ರಿ. ನೆಲಕ್ಕ ಶಹಾಬಾದ್ ಫರಸಿ ಇದ್ರ ಹೊಳಿಲಿ ಅಂತ ಆಸಿಡ್ ಹಾಕಬ್ಯಾಡ್ರಿ. ಅದು ಸುಣ್ಣದಕಲ್ಲು, ಬುರುಗು ಎದ್ದು ಪಾಲಿಶ್ ಹೋಗಿ ಮಸುಕಾಗ್ತದ. ಸಾಬೂನ್ ನೀರು ಸಾಕು.

ಸೇಡಂ ರೋಡ್ ಮನಿ:
ಟ್ಯಾಂಕಿನಾಗ ನೀರು ರಾತ್ರ್ಯಾಗ ನಾಕು ಬೆರಳು ಇಳದಿತ್ತು. ಇವತ್ತು ಗೋಡಿ ಒಡಿಸಿದ್ವಿ, ಕಬ್ಬಿಣದ ಪೈಪಿನ ಎಲ್ಬೋ (ಪೈಪ್ ತಿರುಗೋ ಕಡಿ ಹಾಕೋ ಜೋಡು) ತುಕ್ಕು ಹಿಡದು ಕೈಯಾಗೇ ಪುಡಿ ಆಯ್ತು. ಪ್ಲಂಬರ್ ಹೊಸ ಪೈಪ್ ಹಾಕ್ಯಾನ. ಗೋಡಿ ಐತವಾರದೊಳಗ ಒಣಗಂಗಿಲ್ಲ, ಅದಕ್ಕ ಗಿಲಾವ್ ಮಾಡಿಸ್ದೆ ತೆರದೇ ಬಿಡ್ತೀನಿ, ಹಳೀ ಎಲ್ಬೋ, ಪ್ಲಂಬರ್ ಬಿಲ್ಲು ಎರಡೂ ಅಲ್ಲೇ ಕಿಡಕ್ಯಾಗ ಇಟ್ಟೀನಿ.