1972ರ ಕಾರ್ವೆಟ್‌ನಲ್ಲಿರುವ ಎಂಜಿನ್ ಯಾವುದೆಂದು ತಿಳಿಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಓಡದೆ ನಿಂತಿದ್ದ 1972ರ ಷೆವ್ರೊಲೆ ಕಾರ್ವೆಟ್ ಕೂಪೆಯೊಂದನ್ನು ಕೊಂಡು, ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಕೆಲಸಕ್ಕೆ ಕೈಹಾಕಿದ್ದೇನೆ. ಗೇರ್‌ಬಾಕ್ಸ್ ನಾಲ್ಕು ಗೇರ್‌ಗಳ ಮ್ಯಾನುಯಲ್. ಎಂಜಿನ್ ಸ್ಮಾಲ್ ಬ್ಲಾಕ್ (ಷೆವ್ರೊಲೆಯ ವಿ8ಗಳಲ್ಲಿ ಚಿಕ್ಕ ಬಗೆ) ವಿ8 ಎಂಬುದು ಖಚಿತ, ಆದರೆ ಅದರ ಮೇಲೆ ದಪ್ಪನೆಯ ಕಿತ್ತಳೆ ಬಣ್ಣ ಬಳಿದಿರುವುದರಿಂದ ಒಂದು ಸಂಖ್ಯೆಯೂ ಕಾಣುವುದಿಲ್ಲ. ಮಾರಿದವರು ಇದು ಕಾರಿನ ಜೊತೆಯಲ್ಲೇ ಬಂದ ಎಲ್‌ಟಿ-1 (ಹೆಚ್ಚು ಶಕ್ತಿಯ ಸ್ಮಾಲ್ ಬ್ಲಾಕ್) ಎಂದು ಹೇಳಿ, ಸಾಕ್ಷಿಯಾಗಿ ಅಲ್ಯೂಮಿನಿಯಂ ವಾಲ್ವ್ ಕವರ್‌ಗಳನ್ನು ತೋರಿಸಿದರು. ಚಾಸಿ ನಂಬರಿನ ಐದನೆಯ ಸ್ಥಾನದಲ್ಲಿ ‘ಕೆ’ ಎಂಬ ಅಕ್ಷರವಿದೆ. ಬಿಡಿಭಾಗಗಳನ್ನು ತರಿಸುವ ಮೊದಲು ಎಂಜಿನ್ ಯಾವುದೆಂದು ನಿಶ್ಚಯವಾಗಿ ತಿಳಿಯಬೇಕಾಗಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ 1

ನಿಮ್ಮ ಪ್ರಶ್ನೆಯ ಅರ್ಧ ಭಾಗಕ್ಕೆ ಚಾಸಿ ನಂಬರೇ ಉತ್ತರ ಕೊಟ್ಟಿದೆ. 1972ರಿಂದ ಆ ಐದನೆಯ ಅಕ್ಷರವು ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನನ್ನು ಸೂಚಿಸುತ್ತದೆ: ‘ಕೆ’ ಎಂದರೆ 200 ಅಶ್ವಶಕ್ತಿಯ ಸಾಮಾನ್ಯ 350 (ಘನ ಇಂಚಿನ ಎಂಜಿನ್), ‘ಎಲ್’ ಎಂದರೆ 255 ಅಶ್ವಶಕ್ತಿಯ ಎಲ್‌ಟಿ-1, ‘ಡಬ್ಲ್ಯೂ’ ಎಂದರೆ 454 ಘನ ಇಂಚಿನ ಬಿಗ್ ಬ್ಲಾಕ್. ಆದ್ದರಿಂದ ನಿಮ್ಮ ಕಾರು ಎಲ್‌ಟಿ-1 ಆಗಿ ಹುಟ್ಟಿದ್ದಲ್ಲ. ಈಗ ಅದರೊಳಗಿರುವ ಎಂಜಿನ್ ಯಾವುದು ಎಂಬುದು ಬೇರೆಯೇ ಪ್ರಶ್ನೆ. ವಾಲ್ವ್ ಕವರ್, ಏರ್ ಕ್ಲೀನರ್, ಬಣ್ಣ, ಇವು ಯಾವುವನ್ನೂ ದಯವಿಟ್ಟು ಸಾಕ್ಷಿಯೆಂದು ಒಪ್ಪಬೇಡಿ, ಏಕೆಂದರೆ ಒಂದು ಸ್ಮಾಲ್ ಬ್ಲಾಕ್‌ನ ಕವರ್ ಇನ್ನೊಂದಕ್ಕೆ ಅರ್ಧ ಗಂಟೆಯಲ್ಲಿ ಕೂರುತ್ತದೆ. ಎಂಜಿನ್ನಿನ ಮುಖ್ಯ ಎರಕದ ಭಾಗವಾದ ಬ್ಲಾಕ್‌ನ ಮೇಲಿನ ಸಂಖ್ಯೆಗಳನ್ನೇ ಓದಬೇಕು.

ಉತ್ತರ 2

ಓದುವ ಜಾಗಗಳನ್ನು ನಾನು ತಿಳಿಸುತ್ತೇನೆ. ಎಡ, ಬಲ ಎಂದಾಗಲೆಲ್ಲ ಕಾರಿನೊಳಗೆ ಮುಂದೆ ನೋಡುತ್ತ ಕುಳಿತವರ ಎಡ, ಬಲ ಎಂದು ತಿಳಿಯಿರಿ. ಚಾಲಕನ ಸ್ಥಾನ ಎಡಗಡೆ. ಬ್ಲಾಕ್‌ನ ಹಿಂತುದಿಯಲ್ಲಿ, ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಕವಚ) ಸೇರುವ ಅಂಚಿನ ಮೇಲೆ, ಎಡಗಡೆ ಉಬ್ಬಿದ ಅಂಕಿಗಳಲ್ಲಿ ಕಾಸ್ಟಿಂಗ್ ನಂಬರ್ (ಎರಕದ ಸಂಖ್ಯೆ) ಇರುತ್ತದೆ. ಅದೇ ಹಿಂಭಾಗದಲ್ಲಿ ಎರಕ ಹೊಯ್ದ ದಿನಾಂಕವನ್ನೂ ಹುಡುಕಿ: ಮೊದಲು ತಿಂಗಳನ್ನು ಸೂಚಿಸುವ ಎ ಯಿಂದ ಎಲ್ ವರೆಗಿನ ಒಂದು ಅಕ್ಷರ, ಆಮೇಲೆ ದಿನ, ಕೊನೆಯಲ್ಲಿ ವರ್ಷದ ಕೊನೆಯ ಅಂಕಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ ಚಾಚಿಕೊಂಡಿರುವ ಚಿಕ್ಕ ಸಮತಟ್ಟು ಪ್ಯಾಡ್‌ನ ಮೇಲೆ ಎಂಜಿನ್ ಜೋಡಿಸಿದ ಕಾರ್ಖಾನೆ, ತಿಂಗಳು, ದಿನ ಮತ್ತು ಎಂಜಿನ್ ಬಗೆಯನ್ನು ಹೇಳುವ ಮೂರಕ್ಷರದ ಸಂಕೇತವನ್ನು ಒತ್ತಿರುತ್ತಾರೆ. ಫ್ಲಿಂಟ್‌ನಲ್ಲಿ ಜೋಡಿಸಿದ್ದಾದರೆ ಮೊದಲಿಗೆ ‘ವಿ’ ಇರುತ್ತದೆ. ಅಲ್ಲೇ ಚಾಸಿ ನಂಬರಿನ ಕೊನೆಯ ಭಾಗವೂ ಇದ್ದು ನಿಮ್ಮ ಕಾರಿನದಕ್ಕೆ ಹೊಂದಿದರೆ, ಮೂಲ ಎಂಜಿನ್ ಎನ್ನಲು ಆಧಾರ ಸಿಕ್ಕಂತೆ.

ಬಣ್ಣವನ್ನು ದ್ರಾವಕ ಹಚ್ಚಿ, ನೆನೆಯಲು ಬಿಟ್ಟು, ಬಟ್ಟೆಯಿಂದ ಒರೆಸಿ ತೆಗೆಯಿರಿ. ಪ್ಯಾಡ್‌ಗೆ ಗ್ರೈಂಡರನ್ನಾಗಲಿ ಮರಳು ಕಾಗದವನ್ನಾಗಲಿ ಖಂಡಿತ ತಾಗಿಸಬೇಡಿ. ಆ ಅಕ್ಷರಗಳ ಆಳ ಬಹಳ ಕಡಿಮೆ, ಒಮ್ಮೆ ಅಳಿಸಿದರೆ ಕಾರಿನ ಚರಿತ್ರೆಯೇ ಅಳಿಸಿದಂತೆ. ಇನ್ನೊಂದು ಸುಲಭದ ಗುರುತು: ಆಯಿಲ್ ನೋಡುವ ಡಿಪ್‌ಸ್ಟಿಕ್ ಯಾವ ಕಡೆಯಿದೆ? 1979ರವರೆಗಿನ ಸ್ಮಾಲ್ ಬ್ಲಾಕ್‌ಗಳಲ್ಲಿ ಅದು ಎಡಗಡೆ, 1980ರಿಂದ ಈಚೆಗೆ ಬಲಗಡೆ.

ಪ್ರಶ್ನೆ ಕೇಳಿದವರು

ಎರಡು ಸಂಜೆ ಹಿಡಿಯಿತು. ಡಿಪ್‌ಸ್ಟಿಕ್ ಬಲಗಡೆಯೇ ಇದೆ. ಇಷ್ಟು ದಿನ ನಾನದನ್ನು ಗಮನಿಸಿರಲಿಲ್ಲ. ಕಾಸ್ಟಿಂಗ್ ನಂಬರ್ 14010207. ದಿನಾಂಕ ಸಿ 14 1. ಪ್ಯಾಡ್ ಮಾತ್ರ ನುಣುಪಾಗಿದೆ, ಒಂದಕ್ಷರವೂ ಇಲ್ಲ.

ಉತ್ತರ 2

ಹಾಗಾದರೆ ಅನುಮಾನ ಉಳಿಯಲಿಲ್ಲ. 14010207 ಎಂಬುದು 1980ರಿಂದ 1985ರವರೆಗಿನ 350ರ ಬ್ಲಾಕ್. ನಿಮ್ಮದನ್ನು 1981ರ ಮಾರ್ಚ್ 14ರಂದು ಎರಕ ಹೊಯ್ದಿದ್ದಾರೆ, ಅಂದರೆ ಕಾರಿಗಿಂತ ಒಂಬತ್ತು ವರ್ಷ ಚಿಕ್ಕದು. ಬ್ಲಾಕ್‌ನ ಮೇಲ್ಮೈಯನ್ನು ಹಿಂದೆ ಯಾರೋ ಯಂತ್ರದಲ್ಲಿ ಹೆರೆಸಿದ್ದರೆ ಪ್ಯಾಡ್‌ನ ಅಕ್ಷರಗಳು ಆಗಲೇ ಹೋಗಿರುತ್ತವೆ. ಬದಲಿ ಎಂಜಿನ್ ಆಗಿ ಮಾರಾಟವಾದ ಬ್ಲಾಕ್‌ನಲ್ಲಿ ಅವು ಮೊದಲಿಂದಲೂ ಇರದಿರಬಹುದು. ಖಾಲಿ ಪ್ಯಾಡ್‌ನ ಮೇಲೆ 1972ರ ಸಂಕೇತವನ್ನು ಹೊಸದಾಗಿ ಒತ್ತಿಸಿಕೊಡುತ್ತೇನೆಂದು ಯಾರಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. ಅದು ಮುಂದೆ ಈ ಕಾರನ್ನು ಕೊಳ್ಳುವವರಿಗೆ ಮಾಡುವ ಮೋಸ.

ಉತ್ತರ 1

ನಿರಾಶೆಪಡಬೇಡಿ. ಕ್ರ್ಯಾಂಕ್‌ನ ಹಿಂಬದಿಯ ಆಯಿಲ್ ಸೀಲ್ ಎರಡು ತುಂಡುಗಳದ್ದಾಗಿದ್ದ ಕಾಲದ ಬ್ಲಾಕ್ ಇದು. ಒಂದೇ ತುಂಡಿನ ಸೀಲ್ ಬಂದದ್ದು 1986ರಲ್ಲಿ. ಹಾಗಾಗಿ 1972ರ 350ರ ಫ್ಲೈವೀಲ್ ನಿಮ್ಮ ಕ್ರ್ಯಾಂಕ್‌ಗೆ ಹೊಂದಬೇಕು. ಹೆಡ್ ತೆಗೆದಾಗ ಬೋರ್ (ಸಿಲಿಂಡರಿನ ಒಳವ್ಯಾಸ) ಅಳೆಯಿರಿ: 4.00 ಇಂಚು ಮೂಲ ಅಳತೆ, 4.030 ಬಂದರೆ ಒಮ್ಮೆ ಕೊರೆಸಿ ಅಗಲ ಮಾಡಿಸಿದ್ದಾರೆಂದು ಅರ್ಥ, ಪಿಸ್ಟನ್ ತರಿಸುವಾಗ ಆ ಅಳತೆಯೇ ಬೇಕು. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು ಇರಬೇಕು. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಮತ್ತು ಗ್ಯಾಸ್ಕೆಟ್ ಕೊಳ್ಳುವಾಗ ಕಾರಿನ ವರ್ಷ ಹೇಳದೆ ಬ್ಲಾಕ್‌ನ ವರ್ಷ ಹೇಳಿ, ಇಲ್ಲವಾದರೆ ಎಡಗಡೆಯ ಡಿಪ್‌ಸ್ಟಿಕ್‌ನ ಸಂಪ್ ಬಂದೀತು. ನಿಮ್ಮದು ಮ್ಯಾನುಯಲ್ ಆದ್ದರಿಂದ ಇನ್ನೊಂದು ಮಾತು: ಕ್ಲಚ್ಚಿನ ಅಡ್ಡ ಶಾಫ್ಟ್ ಕೂರುವ ಬಾಲ್ ಸ್ಟಡ್‌ಗೆ ಬ್ಲಾಕ್‌ನ ಎಡಗಡೆ ತಿರುಪಿನ ಎಳೆ ಹಾಕಿದ ರಂಧ್ರವಿದೆಯೇ ಎಂದು ನೋಡಿ. ಈಚಿನ ಕೆಲವು ಬ್ಲಾಕ್‌ಗಳಲ್ಲಿ ಅದನ್ನು ಕೊರೆದಿರುವುದಿಲ್ಲ, ಮತ್ತು ಎಂಜಿನ್ ಹೊರಗಿರುವಾಗಲೇ ಕೊರೆಸುವುದು ಸುಲಭ.