ಹಾಡಿನಲ್ಲಿ ಬೈಗುಳ ಬಂದರೆ ಮುಚ್ಚಬೇಕಾ? ಮಗನ ಪ್ಲೇಲಿಸ್ಟ್ ನೋಡಿ ಕೇಳುತ್ತಿದ್ದೇನೆ

ಬನಶಂಕರಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಮೈಸೂರಿಗೆ ಹೊರಟಿದ್ದೆವು. ಕಾರಿನಲ್ಲಿ ನಾನು, ಹೆಂಡತಿ, 13 ವರ್ಷದ ಮಗ, ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ. ಮಗ ತನ್ನ ಫೋನಿನಿಂದ ಹಾಡು ಹಾಕಿದ. ರಾಪ್. ಮೊದಲ ಎರಡು ಹಾಡು ಏನೂ ಇಲ್ಲದೆ ಹೋದವು. ಮೂರನೆಯದರಲ್ಲಿ ಇಂಗ್ಲಿಷಿನ ಆ ಪದ ಹತ್ತು ಸಲವಾದರೂ ಬಂದಿರಬೇಕು, ಅದು ಮುಗಿದ ಮೇಲೆ ಒಂದು ಹಿಂದಿ ಹಾಡು, ಅದರಲ್ಲಿ ಅಮ್ಮ ಅಕ್ಕ ಯಾರನ್ನೂ ಬಿಟ್ಟಿರಲಿಲ್ಲ. ಅತ್ತೆಗೆ ಭಾಷೆ ಅರ್ಥ ಆಗಲಿಲ್ಲ, ಗದ್ದಲ ಮಾತ್ರ ಕೇಳಿಸಿತು. "ಮುಂಡೇದು, ಎಷ್ಟು ಜೋರಾಗಿ ಕಿರುಚುತ್ತೆ, ನಿಲ್ಲಿಸೋ" ಅಂದರು. ನಾನು ನಿಲ್ಲಿಸಿದೆ.

ಮನೆಗೆ ಬಂದ ಮೇಲೆ ಅವನ ಆ್ಯಪ್‌ನಲ್ಲಿ ಎಕ್ಸ್‌ಪ್ಲಿಸಿಟ್, ಅಂದರೆ ಬೈಗುಳ ಅಶ್ಲೀಲ ಇರುವ ಹಾಡುಗಳನ್ನು ತಡೆಯುವ ಸೆಟ್ಟಿಂಗ್ ಹಾಕಿದೆ. ಹೆಸರಿನ ಪಕ್ಕ ಇಂಗ್ಲಿಷಿನ ಸಣ್ಣದೊಂದು ಇ ಅಕ್ಷರ ಇದ್ದ ಹಾಡೆಲ್ಲ ಬೂದು ಬಣ್ಣಕ್ಕೆ ತಿರುಗಿತು. ಅವನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಜಗಳ ಆಡುತ್ತಾನೆ ಅಂದುಕೊಂಡಿದ್ದೆ, ಆಡಲಿಲ್ಲ. ಒಂದು ಹಾಡು ತೋರಿಸಿ ಕೇಳಿದ, "ಇದು ಹಾಡಿದವನ ಅಣ್ಣ ಜೈಲಿಗೆ ಹೋದದ್ದರ ಬಗ್ಗೆ ಅಪ್ಪ. ನೀನು ಅದನ್ನ ಕೇಳಿದ್ಯಾ, ಬರೀ ಬೈಗುಳ ಕೇಳಿದ್ಯಾ?"

ನನಗೆ ಉತ್ತರ ಹೊಳೆಯಲಿಲ್ಲ. ನಾನು ಬೈಗುಳ ಬಳಸುವವನಲ್ಲ, ಮನೆಯಲ್ಲೂ ಯಾರೂ ಬಳಸುವುದಿಲ್ಲ. ನಾವು ಬೆಳೆಯುವಾಗ ರೇಡಿಯೋದಲ್ಲಿ ಇಂಥದ್ದು ಬರುತ್ತಲೇ ಇರಲಿಲ್ಲ ಅಲ್ವಾ? ಆಗ ಯಾರು ತಡೆಯುತ್ತಿದ್ದರು? ಈಗ ಯಾರೂ ತಡೆಯುವುದಿಲ್ಲವಾ? ನಾನು ಮಾಡಿದ್ದು ಸರಿಯಾ? ದಯವಿಟ್ಟು ಅನುಭವ ಇದ್ದವರು ಹೇಳಿ.

ಹಳೇ_ಎಫ್ಎಂ

ಬೆಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಒಂಬತ್ತು ವರ್ಷ ಹಾಡು ಆರಿಸುವ ಕೆಲಸ ಮಾಡಿದ್ದೇನೆ. ಯಾರು ತಡೆಯುತ್ತಿದ್ದರು ಅಂದರೆ ನಮ್ಮಂಥವರೇ. ಖಾಸಗಿ ಎಫ್‌ಎಂಗಳು ಆಕಾಶವಾಣಿಯ ಕಾರ್ಯಕ್ರಮ ಸಂಹಿತೆಯನ್ನೇ ಪಾಲಿಸಬೇಕು ಅಂತ ಸರ್ಕಾರದ ಜೊತೆಗಿನ ಒಪ್ಪಂದದಲ್ಲೇ ಇದೆ. ಆಕಾಶವಾಣಿಯ ಮಡಿ ಇನ್ನೂ ಹಳೆಯದು. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆ ಮಂತ್ರಿ ಆಗಿದ್ದಾಗ ಬೈಗುಳ ಹಾಗಿರಲಿ, ಸಿನಿಮಾ ಹಾಡನ್ನೇ ಹೊರಗಿಟ್ಟಿದ್ದರು. ಜನ ರೇಡಿಯೋ ಸಿಲೋನ್ ಕಡೆ ತಿರುಗಿದರು. 1957ರಲ್ಲಿ ವಿವಿಧ ಭಾರತಿ ಶುರು ಮಾಡಬೇಕಾಯಿತು.

ನಮ್ಮ ಕಾಲಕ್ಕೆ ಇಂಗ್ಲಿಷ್ ಹಾಡುಗಳು ಎರಡು ರೂಪದಲ್ಲಿ ಬರುತ್ತಿದ್ದವು. ಒಂದು ಮೂಲ, ಇನ್ನೊಂದು ರೇಡಿಯೋ ಎಡಿಟ್. ಎಡಿಟ್ ಮಾಡುವುದಕ್ಕೂ ಹಲವು ದಾರಿ ಇವೆ. ಪದ ಇರುವ ಜಾಗದಲ್ಲಿ ದನಿ ಮಾತ್ರ ತೆಗೆದು ತಾಳ ಹಾಗೇ ಬಿಡುವುದು ಒಂದು. ಆ ಪದವನ್ನಷ್ಟೇ ಹಿಂದುಮುಂದಾಗಿ ನುಡಿಸುವುದು ಇನ್ನೊಂದು, ಆಗ ಏನೋ ಎಳೆದ ಹಾಗೆ ಕೇಳಿಸುತ್ತದೆ, ಅಷ್ಟೇ. ಗಾಯಕರೇ ಬೇರೆ ಪದ ಹಾಕಿ ಇನ್ನೊಮ್ಮೆ ಹಾಡಿಕೊಟ್ಟರೆ ಅದು ಎಲ್ಲಕ್ಕಿಂತ ಚೆನ್ನ. ಬೀಪ್ ನನಗೆ ಯಾವತ್ತೂ ಇಷ್ಟ ಆಗಲಿಲ್ಲ. ಬೀಪ್ ಹಾಕಿದ ತಕ್ಷಣ, ಗಮನ ಇಲ್ಲದೆ ಕೇಳುತ್ತಿದ್ದವನೂ ಅಲ್ಲೇನಿತ್ತು ಅಂತ ಯೋಚಿಸುತ್ತಾನೆ.

ಟಿವಿಯದ್ದು ಬೇರೆ ದಾರಿ. ಅಲ್ಲಿ ಹಾಡಿನ ವಿಡಿಯೋ ತೋರಿಸಲು ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. 2015ರ ಫೆಬ್ರವರಿಯಲ್ಲಿ ಮಿಹಿರ್ ಜೋಶಿ ಅನ್ನುವ ಗಾಯಕರ ವಿಡಿಯೋದಲ್ಲಿ ಮಂಡಳಿ ಒಂದು ಪದಕ್ಕೆ ಬೀಪ್ ಹಾಕಿಸಿತು. ಆ ಪದ ಯಾವುದು ಗೊತ್ತಾ? ಬಾಂಬೆ. ಮುಂಬೈ ಅನ್ನಬೇಕಿತ್ತಂತೆ. ಅದೇ ತಿಂಗಳು ಸಿನಿಮಾದಲ್ಲಿ ಬಳಸಬಾರದ ಬೈಗುಳಗಳ ಒಂದು ಪಟ್ಟಿಯೂ ಮಂಡಳಿಯಿಂದ ಹೊರಬಂತು, ಗಲಾಟೆ ಆದ ಮೇಲೆ ಅದನ್ನು ತಡೆಹಿಡಿದರು. ಬೈಗುಳ ಅಂದುಕೊಂಡು ಕೊಟ್ಟ ಕತ್ತರಿ ಊರಿನ ಹೆಸರಿನವರೆಗೂ ಹೋಗುತ್ತದೆ, ನನಗೆ ಹೆದರಿಕೆ ಇರುವುದು ಅಲ್ಲಿ.

ನೆಟ್‌ನಲ್ಲಿ ಹಾಡು ಬಿಡುವವರಿಗೆ ಈ ಪ್ರಮಾಣಪತ್ರ ಬೇಕಿಲ್ಲ. ಅಲ್ಲಿ ತಡೆಯುವವರು ಅಂದರೆ ಆ ಇ ಅಕ್ಷರ ಮತ್ತು ನೀವು.

ಎಂಟನೇ_ಕ್ಲಾಸ್_ಟೀಚರ್

ನಾನು ಸೆಟ್ಟಿಂಗ್ ಇರಲಿ ಅನ್ನುವವಳು. ಕಲಾವಿದರ ಸ್ವಾತಂತ್ರ್ಯ ಎಲ್ಲ ಸರಿ, ಆದರೆ ದಿನಾ ಕ್ಲಾಸಿನಲ್ಲಿ ನಿಲ್ಲುವವರು ನಾವು. ಹುಡುಗರು ಹಾಡಿನಿಂದ, ಗೇಮಿನಿಂದ ಹಿಂದಿ ಬೈಗುಳ ಕಲಿತು ಬರುತ್ತಾರೆ. ಅರ್ಧ ಹುಡುಗರಿಗೆ ಅದರ ಅರ್ಥವೇ ಗೊತ್ತಿರುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ಪಕ್ಕದ ಬೆಂಚಿನ ಹುಡುಗಿಗೆ ಅಂಥದ್ದೊಂದು ಪದ ಅಂದ, ಅವನಿಗೆ ಅದು ತಮಾಷೆ, ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ನೀವು ಹಾಕಿದ ಹಾಡಿನಲ್ಲಿ ಯಾರ ಅಮ್ಮ ಅಕ್ಕ ಬರುತ್ತಾರೆ ನೋಡಿ. ಬೈಸಿಕೊಳ್ಳುವವನು ಗಂಡಸು, ಎಳೆದು ತರುವುದು ಹೆಂಗಸನ್ನ.

ಕೆಂಪು_ಸೀರೆ

ಟೀಚರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಬನಶಂಕರಿ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಯಾರೂ ಬೈಗುಳ ಬಳಸುವುದಿಲ್ಲ ಅಂದಿರಿ. ನಿಮ್ಮ ಅತ್ತೆ ಅವತ್ತು ಕಾರಿನಲ್ಲಿ ಬಳಸಿದರಲ್ಲ.

ಮುಂಡೆ ಅಂದರೆ ತಲೆ ಬೋಳಿಸಿದ ವಿಧವೆ. ಬೋಳಿಮಗ ಅಂದರೆ ಅಂಥವಳಿಗೆ ಹುಟ್ಟಿದವನು. ನನ್ನ ಮುತ್ತಜ್ಜಿಗೆ ಗಂಡ ತೀರಿಕೊಂಡಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕೂದಲು ತೆಗೆಸಿದರು, ಕೆಂಪು ಸೀರೆ ಉಡಿಸಿದರು. ತಿಂಗಳಿಗೊಮ್ಮೆ ಹಿತ್ತಲಲ್ಲಿ ಕೂತು ತಲೆ ಕೊಡುತ್ತಿದ್ದರಂತೆ. ಬೆಳಿಗ್ಗೆ ಹೊರಗೆ ಹೊರಟವರಿಗೆ ಎದುರು ಬರಬಾರದು ಅಂತ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಅಮ್ಮ ಇದನ್ನು ಹೇಳುವಾಗ ಈಗಲೂ ಅಳುತ್ತಾಳೆ. ಅವರಿಗಾದ ಅವಮಾನವೇ ನಮ್ಮಲ್ಲಿ ಬೈಗುಳ ಆಗಿದೆ, ಅಷ್ಟೇ ಅಲ್ಲ, ಮುದ್ದಿನ ಮಾತೂ ಆಗಿದೆ. ತಾತ ಮೊಮ್ಮಗನಿಗೆ ಪ್ರೀತಿಯಿಂದ "ಬಾರೋ ಮುಂಡೇದೆ" ಅನ್ನುತ್ತಾರೆ. ಸಿನಿಮಾದಲ್ಲಿ ಇದಕ್ಕೆ ಬೀಪ್ ಕೇಳಿದ ನೆನಪು ನನಗಿಲ್ಲ, ಇಂಗ್ಲಿಷಿನ ಆ ಪದ ಬಂದರೆ ಮಾತ್ರ ದನಿ ಕಟ್ ಆಗುತ್ತದೆ.

ಯಾರನ್ನೂ ಬಾಯಿ ಮುಚ್ಚಿಸಬೇಕು ಅಂತ ಹೇಳುತ್ತಿಲ್ಲ. ಯಾವುದಕ್ಕೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ, ಯಾವುದು ಕೇಳಿಸಿದರೂ ಕೇಳಿಸುವುದೇ ಇಲ್ಲ, ಅದನ್ನೊಮ್ಮೆ ನೋಡಿ ಅನ್ನುತ್ತಿದ್ದೇನೆ.

ಬನಶಂಕರಿ_ಅಪ್ಪ

ಬೇಜಾರಿಲ್ಲ. ಇದು ನನ್ನ ತಲೆಗೇ ಬಂದಿರಲಿಲ್ಲ. ಇನ್ನೊಂದು ವಿಷಯ, ನಮ್ಮ ಅತ್ತೆಯೂ ಗಂಡನನ್ನು ಕಳೆದುಕೊಂಡವರು.

ತಿತಿಮತಿ_ಹುಡುಗ

ನಮ್ಮ ಕಡೆಯ ವಿಷಯ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕೊಡಗಿನಲ್ಲಿ ಗೋಣಿಕೊಪ್ಪದ ಹತ್ತಿರ ದೇವರಪುರ ಅಂತ ಇದೆ. ಪ್ರತಿ ಮೇ ತಿಂಗಳು ಅಲ್ಲಿ ಕುಂಡೆ ಹಬ್ಬ ಆಗುತ್ತದೆ. ಜೇನು ಕುರುಬರು, ಯರವರು, ಇನ್ನೂ ಬೇರೆ ಬುಡಕಟ್ಟಿನವರು, ಹೆಚ್ಚಿನವರು ಕಾಫಿ ತೋಟದ ಕೂಲಿಗಳು, ಅವತ್ತು ವೇಷ ಹಾಕುತ್ತಾರೆ. ಗಂಡಸರು ಸೀರೆ, ನೈಟಿ ತೊಡುತ್ತಾರೆ. ಡಬ್ಬ, ಡ್ರಮ್, ಸೋರೆ ಬುರುಡೆ, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಹಾಡುತ್ತಾರೆ. ಹಾಡು ಪೂರ್ತಿ ಬೈಗುಳ. ದೇವರನ್ನೂ ಬಿಡುವುದಿಲ್ಲ. ಕಥೆ ಏನೆಂದರೆ, ಅಯ್ಯಪ್ಪ ದೇವರು ಇವರನ್ನು ಬೇಟೆಗೆ ಅಂತ ಕಾಡಿಗೆ ಕರೆದುಕೊಂಡು ಹೋದ, ಅಲ್ಲಿ ಭದ್ರಕಾಳಿ ಸಿಕ್ಕಿದಳು, ಇವರನ್ನು ನಡುಕಾಡಿನಲ್ಲಿ ಬಿಟ್ಟು ಅವಳ ಜೊತೆ ಹೊರಟುಹೋದ. ಆ ಸಿಟ್ಟಿಗೆ ವರ್ಷಕ್ಕೊಮ್ಮೆ ಬೈಯುತ್ತಾರೆ. ರಸ್ತೆಯಲ್ಲಿ ಬಸ್ಸು, ಜೀಪು, ಕಾರು ನಿಲ್ಲಿಸಿ ಹಾಡಿನಲ್ಲೇ ಬೈದು ಕಾಸು ಕೇಳುತ್ತಾರೆ. ಒಳಗೆ ಯಾವ ಸಾಹೇಬರು ಕೂತಿದ್ದರೂ ಸರಿ. ಯಾರೂ ತಿರುಗಿ ಬೈಯುವಂತಿಲ್ಲ. ಸಂಜೆ ದೇವಸ್ಥಾನದಲ್ಲಿ ತಪ್ಪಾಯಿತು ಅಂತ ಕಾಣಿಕೆ ಹಾಕಿ ಮನೆಗೆ ಹೋಗುತ್ತಾರೆ.

ನನ್ನ ಅಮ್ಮ ಮೂವತ್ತು ವರ್ಷ ತೋಟದ ಕೆಲಸ ಮಾಡಿದವರು. ವರ್ಷದ ಉಳಿದ ದಿನ ಯಾರು ಯಾರಿಗೆ ಬೈಯುತ್ತಿದ್ದರು ಅನ್ನುವುದು ನನಗೆ ಗೊತ್ತು. ಅಮ್ಮನ ಲೈನಿಗೆ ಒಬ್ಬ ರೈಟರ್, ಅಂದರೆ ಕೆಲಸದ ಲೆಕ್ಕ ನೋಡುವವನು, ಇದ್ದ. ಬುಟ್ಟಿ ತುಂಬುವುದು ತಡವಾದರೆ ಅವನ ಬಾಯಲ್ಲಿ ಬರುತ್ತಿದ್ದದ್ದು ಜಾತಿಯ ಹೆಸರು. ಅದು ಯಾವ ಕೊಳಕು ಪದವೂ ಅಲ್ಲ, ಸರ್ಕಾರಿ ಪ್ರಮಾಣಪತ್ರದಲ್ಲಿ ಬರೆಯುವ ಪದವೇ. ಆದರೆ ಅವನು ಹೇಳುವಾಗ ಅಮ್ಮ ಕುಗ್ಗಿ ಹೋಗುತ್ತಿದ್ದರು. ಅಂಥ ಮಾತಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ ಅಂತ ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಬೀಪ್ ಯಂತ್ರಕ್ಕೆ ಇದು ಹೇಗೆ ಗೊತ್ತಾಗಬೇಕು? ಅದೇ ಅಮ್ಮ ಹಬ್ಬದ ದಿನ ನಗುನಗುತ್ತಾ ಸೊಂಟದ ಕೆಳಗಿನ ಪದ ಹಾಡುತ್ತಿದ್ದರು, ಅದರಿಂದ ಯಾರಿಗೂ ನೋವಾಗಲಿಲ್ಲ.

ನಿಮ್ಮ ಮಗನ ಹಾಡಿನಲ್ಲಿ ಅಣ್ಣನನ್ನು ಜೈಲಿಗೆ ಹಾಕಿದವರಿಗೆ ಬೈಗುಳ ಇದ್ದರೆ ನನಗೆ ಅದು ದೇವರಪುರದ ಹಾಡಿನ ಹಾಗೇ ಕೇಳಿಸುತ್ತದೆ. ಟೀಚರ್ ಹೇಳಿದ ಹುಡುಗ ಆ ಹುಡುಗಿಗೆ ಅಂದದ್ದು ನಮ್ಮ ರೈಟರ್ ಬೈದ ಹಾಗೆ. ಎರಡಕ್ಕೂ ಒಂದೇ ಇ ಅಕ್ಷರ ಅಂಟಿಸಿದರೆ ಹೇಗೆ?

ಎಡಿಸನ್_ಕನ್ನಡತಿ

ತಿತಿಮತಿ ಅವರ ಬರಹ ಎರಡು ಸಲ ಓದಿದೆ. ಆ ಇ ಅಕ್ಷರ ಎಲ್ಲಿಂದ ಬಂತು ಅಂತ ಹೇಳಿದರೆ ಪ್ರಶ್ನೆ ಕೇಳಿದವರಿಗೂ ಅನುಕೂಲ ಆಗಬಹುದು. ನಾನು ಮಕ್ಕಳನ್ನು ಬೆಳೆಸಿದ್ದು ಅಮೆರಿಕದಲ್ಲಿ, ಇಲ್ಲಿ ಈ ಜಗಳ ತುಂಬಾ ಹಳೆಯದು.

ಟಿಪ್ಪರ್ ಗೋರ್ ಅನ್ನುವ ತಾಯಿ ಮಗಳಿಗೆ ಗಾಯಕ ಪ್ರಿನ್ಸ್ ಅವರ ಆಲ್ಬಂ ತಂದುಕೊಟ್ಟರು. ಅದರಲ್ಲಿ ಒಂದು ಹಾಡು ಕೇಳಿ ಬೆಚ್ಚಿಬಿದ್ದರು. ಅವರ ಗಂಡ ಅಲ್ ಗೋರ್ ಆಗ ಸೆನೆಟರ್. 1985ರಲ್ಲಿ ಇನ್ನೂ ಕೆಲವರ ಜೊತೆ ಸೇರಿ ಪೋಷಕರ ಗುಂಪು ಕಟ್ಟಿದರು, ಆ ಸೆಪ್ಟೆಂಬರ್‌ನಲ್ಲೇ ಸೆನೆಟ್‌ನಲ್ಲಿ ವಿಚಾರಣೆ ಆಯಿತು. ಫ್ರಾಂಕ್ ಜಾಪಾ, ಡೀ ಸ್ನೈಡರ್, ಜಾನ್ ಡೆನ್ವರ್ ಅನ್ನುವ ಮೂವರು ಗಾಯಕರೂ ಬಂದು ವಿರೋಧಿಸಿದರು. ತಲೆಹೊಟ್ಟಿಗೆ ತಲೆಯನ್ನೇ ಕಡಿಯುವ ಚಿಕಿತ್ಸೆ ಇದು ಅಂದರು ಜಾಪಾ. ಕಂಪನಿಗಳು ಎಚ್ಚರಿಕೆಯ ಚೀಟಿ ಅಂಟಿಸಲು ಒಪ್ಪಿಕೊಂಡವು, 1990ರ ಹೊತ್ತಿಗೆ ಎಲ್ಲರೂ ಒಂದೇ ಕಪ್ಪು ಬಿಳುಪು ಚೀಟಿ ಬಳಸಲು ಶುರು ಮಾಡಿದರು. ವಾಲ್‌ಮಾರ್ಟ್ ಆ ಚೀಟಿ ಇದ್ದದ್ದನ್ನು ಮಾರುತ್ತಿರಲಿಲ್ಲ, ಹಾಗಾಗಿ ಬೈಗುಳ ತೆಗೆದ ಪ್ರತಿಗಳು ಬೇರೆಯಾಗಿ ಬಂದವು. ನಿಮ್ಮ ಮಗನ ಫೋನಿನಲ್ಲಿರುವುದು ಆ ಚೀಟಿಯ ಮೊಮ್ಮಗು.

ಅದಕ್ಕೂ ಮೊದಲು, 1963ರಲ್ಲಿ ಬಂದ ಕಿಂಗ್ಸ್‌ಮೆನ್ ಅನ್ನುವ ತಂಡದ 'ಲೂಯಿ ಲೂಯಿ' ಹಾಡಿನಲ್ಲಿ ಅಶ್ಲೀಲ ಇದೆ ಅಂತ ದೂರು ಹೋಗಿ ಎಫ್‌ಬಿಐ ತನಿಖೆ ಮಾಡಿತ್ತು. ರೆಕಾರ್ಡನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದರು. ಕೊನೆಗೆ ಪದಗಳೇ ಅರ್ಥ ಆಗುವುದಿಲ್ಲ ಅಂತ ಮುಚ್ಚಿದರು. ಆದರೆ ಸುಮಾರು 54ನೇ ಸೆಕೆಂಡಿನಲ್ಲಿ ಡ್ರಮ್ ಬಾರಿಸುವವನು ಹಿಂದೆ ನಿಜವಾಗಿಯೂ ಬೈದದ್ದು ಕೇಳುತ್ತದೆ ಅಂತ ಹಾಡಿನ ಬಗ್ಗೆ ಬರೆದವರು ಹೇಳುತ್ತಾರೆ. ಅದು ಎಫ್‌ಬಿಐ ಗಮನಕ್ಕೆ ಬರಲೇ ಇಲ್ಲ.

ಈಗ 2022ಕ್ಕೆ ಬನ್ನಿ. ಜೂನ್‌ನಲ್ಲಿ ಲಿಝೊ, ಆಗಸ್ಟ್‌ನಲ್ಲಿ ಬಿಯಾನ್ಸೆ, ಇಬ್ಬರು ಗಾಯಕಿಯರೂ ಬಿಡುಗಡೆ ಆದ ಹಾಡಿನಿಂದ ಒಂದೇ ಪದ ತೆಗೆದು ಹೊಸದಾಗಿ ಹಾಡಿ ಹಾಕಿದರು. ಸೆರೆಬ್ರಲ್ ಪಾಲ್ಸಿ ಇರುವವರನ್ನು ಹೀಯಾಳಿಸುವ ಪದ ಅದು. ಯಾವ ಸೆನೆಟೂ ಕರೆಯಲಿಲ್ಲ. ಅಂಗವೈಕಲ್ಯ ಇರುವ ಕೇಳುಗರೇ ನೋವಾಗುತ್ತದೆ ಅಂದರು, ಇವರು ಬದಲಿಸಿದರು. ಆ ಹಾಡುಗಳಲ್ಲಿದ್ದ ಬೇರೆ ಬೈಗುಳ ಹಾಗೇ ಉಳಿದವು, ಯಾರೂ ತಕರಾರು ಮಾಡಲಿಲ್ಲ. 1985ರವರು ಕೇಳಿದ್ದರೆ ಆ ಉಳಿದದ್ದಕ್ಕೇ ಗಾಬರಿ ಆಗುತ್ತಿದ್ದರು, ತೆಗೆದ ಪದ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ನನ್ನ ಮಕ್ಕಳಿಗೂ ಹಾಗೇ. ನಾನು ಒಮ್ಮೆ ಒಬ್ಬರನ್ನು "ಆ ಕುಂಟ" ಅಂದೆ. ನನ್ನ ಮಗಳು, ಅವಳ ಬಾಯಲ್ಲಿ ಆ ಇಂಗ್ಲಿಷ್ ಪದ ದಿನಾ ಬರುತ್ತದೆ, ಊಟ ಬಿಟ್ಟು ಎದ್ದಳು.

ಬನಶಂಕರಿ_ಅಪ್ಪ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಗನ ಜೊತೆ ಕೂತು ಆ ಜೈಲಿನ ಹಾಡಿನ ಸಾಲು ಸಾಲೂ ಓದಿದೆ. ಕೆಲವು ಕಡೆ ಅವನೇ ಅರ್ಥ ಹೇಳಿಕೊಟ್ಟ. ಹಾಡಿನ ಕೊನೆಯಲ್ಲಿ ಹಾಡಿದವನ ಅಮ್ಮ ಜೈಲಿನ ಗೇಟಿನ ಹತ್ತಿರ ಊಟದ ಡಬ್ಬಿ ಹಿಡಿದು ನಿಂತಿರುತ್ತಾಳೆ. ಕಾರಿನಲ್ಲಿ ನಾನು ಆ ಸಾಲುಗಳನ್ನು ಕೇಳಿಸಿಕೊಂಡೇ ಇರಲಿಲ್ಲ. ಆಮೇಲೆ ಆ ಇನ್ನೊಂದು ಹಿಂದಿ ಹಾಡನ್ನೂ ಓದಿದೆವು. ಅದರಲ್ಲಿ ಬೈಗುಳ ಬಿಟ್ಟರೆ ಏನೂ ಇರಲಿಲ್ಲ, ಎಲ್ಲ ಹೆಂಗಸರ ಮೇಲೆ. ಟೀಚರ್ ಹೇಳಿದ ಹುಡುಗಿಯ ವಿಷಯ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಅದನ್ನು ಅವನೇ ಪಟ್ಟಿಯಿಂದ ತೆಗೆದ. ನಾನು ಸೆಟ್ಟಿಂಗ್ ತೆಗೆದೆ.

ಮುಂಡೇದು ಅನ್ನುವ ಪದದ ಅರ್ಥವನ್ನೂ ಹೇಳಿದೆ. ಅತ್ತೆ ಒಳಗಿನ ಕೋಣೆಯಲ್ಲಿದ್ದರು, ಕೇಳಿಸಿಕೊಂಡಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ "ನಮ್ಮ ಸೋದರತ್ತೆಗೂ ಹಾಗೇ ಮಾಡಿದ್ದರು" ಅಂದರು. ಮಗ ಪಕ್ಕದಲ್ಲಿ ಹೋಗಿ ಕೂತು ಅವರ ಹೆಸರು ಏನು ಅಂತ ಕೇಳಿದ. ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದಾರೆ, ನಾನು ಇದನ್ನು ಅಡುಗೆ ಮನೆಯಿಂದ ಬರೆಯುತ್ತಿದ್ದೇನೆ.