ಅಣೆಕಟ್ಟಿನ ಕೆಳಗಿನ ಹೊಳೆ: ನದಿ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಹೊಳೆದಂಡೆ: ಮೇಡಂ, ನಮಸ್ಕಾರ. ನಾವು ಅಣೆಕಟ್ಟಿನಿಂದ ಆರು ಕಿಲೋಮೀಟರ್ ಕೆಳಗಿದ್ದೇವೆ. ಮೊದಲು ಹೊಳೆಯಲ್ಲಿ ಮರಳಿತ್ತು, ಈಗ ಬರೀ ದಪ್ಪ ಕಲ್ಲು. ನೀರು ಮಾತ್ರ ಕನ್ನಡಿ ಥರ ತಿಳಿ. ದಡ ಕುಸಿಯುತ್ತಿದೆ, ಸೇತುವೆ ಕಂಬದ ಬುಡ ಕಾಣುತ್ತಿದೆ. ತಿಳಿನೀರು ಒಳ್ಳೆಯದಲ್ವಾ?

ಎಂಜಿನಿಯರ್: ನೋಡಲು ಚೆಂದ, ಹೊಳೆಗೆ ಒಳ್ಳೆಯದಲ್ಲ. ಹರಿಯುವ ನೀರಿಗೆ ಮರಳು, ಜಲ್ಲಿ ಹೊರುವ ಶಕ್ತಿ ಇರುತ್ತದೆ. ಹೊರೆ ಜಲಾಶಯದಲ್ಲೇ ಇಳಿದುಹೋಯಿತು, ಶಕ್ತಿ ಹಾಗೇ ಉಳಿಯಿತು. ಇದಕ್ಕೆ ನಾವು 'ಹಸಿದ ನೀರು' ಅನ್ನುತ್ತೇವೆ. ಮೊದಲು ತಳದ ಮರಳು ತಿನ್ನುತ್ತದೆ, ಆಮೇಲೆ ಸಣ್ಣ ಜಲ್ಲಿ. ಅಲುಗಾಡಿಸಲಾಗದ ಕಲ್ಲು ಉಳಿದು ತಳಕ್ಕೆ ಕವಚವಾಗುತ್ತದೆ. ಆಗ ದಡಕ್ಕೆ ಬಾಯಿ ಹಾಕುತ್ತದೆ. ಜಲ್ಲಿಯ ಸಂದಿಯಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ಆ ಕವಚದಲ್ಲಿ ಜಾಗವಿಲ್ಲ. ತಳ ಇಳಿದಂತೆ ದಡದ ಬಾವಿಗಳ ನೀರೂ ಇಳಿಯಬಹುದು.

ನನಗೆ ಚಿಂತೆ ಸೇತುವೆಯದ್ದು. ಅದನ್ನು ನೋಡಿಕೊಳ್ಳುವವರಿಗೆ ಇವತ್ತೇ ಫೋಟೊ ಸಮೇತ ಬರೆಯಿರಿ. ನೀವೇ ಕಲ್ಲು ಸುರಿಯಬೇಡಿ, ನೀರು ಪಕ್ಕದಲ್ಲಿ ಕೊರೆಯುತ್ತದೆ. ಎರಡು ವಿಷಯ ಹೇಳಿ: ಅಣೆಕಟ್ಟಿಗೂ ನಿಮಗೂ ನಡುವೆ ಉಪನದಿ ಸೇರುತ್ತದಾ? ಮರಳು ತೆಗೆಯುತ್ತಾರಾ?

ಮೂರನೇಗೇಟು: ವಾಟ್ಸಾಪ್‌ನಲ್ಲಿ ಬಂದಿದೆ. ಎಲ್ಲಾ ಗೇಟು ಒಂದೇ ರಾತ್ರಿ ಎತ್ತಿದರೆ ಹೂಳು ಕೊಚ್ಚಿಹೋಗಿ ಹೊಳೆ ಸರಿಹೋಗುತ್ತದಂತೆ.

ಎಂಜಿನಿಯರ್: ಇಲ್ಲ. ಆ ಗೇಟು ಮೇಲಿರುತ್ತದೆ, ಹೂಳು ಕೆಳಗಿರುತ್ತದೆ. ದಪ್ಪ ಮರಳಂತೂ ನದಿ ಜಲಾಶಯಕ್ಕೆ ಸೇರುವ ಬಾಯಲ್ಲೇ ಕೂತಿರುತ್ತದೆ. ತಳದಲ್ಲಿ ತೂಬು ಇರಬೇಕು, ಜಲಾಶಯ ಹೆಚ್ಚುಕಡಿಮೆ ಖಾಲಿಯಾಗಬೇಕು. ಹಾಗೆ ಮಾಡಿ ದಿಢೀರನೆ ಬಿಟ್ಟರೂ ಆಮ್ಲಜನಕ ಕುಸಿದು, ಕಿವಿರಿಗೆ ಕೆಸರು ತುಂಬಿ ಮೀನು ಸಾಯುತ್ತವೆ. ಕೆಳಗೆ ಬಟ್ಟೆ ಒಗೆಯುವವರೂ ಇರುತ್ತಾರೆ! ಇದನ್ನು ಯಾರಿಗೂ ಕಳಿಸಬೇಡಿ.

ಕೆಸರುಕಪ್ಪೆ: ಹೂಳನ್ನು ಹೊಲಕ್ಕೆ ಹಾಕಬಹುದಾ?

ಎಂಜಿನಿಯರ್: ನುಣುಪಾದ ಹೂಳಾದರೆ, ಪರೀಕ್ಷೆ ಮಾಡಿಸಿ ಹಾಕಬಹುದು. ಕೆಳಗಿನ ಹೊಳೆಗೆ ಅದರಿಂದ ಏನೂ ಸಿಗಲ್ಲ.

ಆಮೆಗೂಡು: ಮರಳದಿಬ್ಬ ಹೋಗಿ ಆಮೆಗಳು ಮೊಟ್ಟೆ ಇಡುತ್ತಿಲ್ಲ. ನಾವೇ ಮರಳು ಸುರಿದರೆ ಬರುತ್ತವಾ?

ಹೊಳೆದಂಡೆ: ಉಪನದಿ ಇಲ್ಲ ಮೇಡಂ. ಮರಳು ಹತ್ತು ವರ್ಷ ತೆಗೆದರು. ಈಗ ತೆಗೆಯಲು ಉಳಿದಿಲ್ಲ.

ಗುಡ್ಡದನೀರು: ಮತ್ತೆ ಅಣೆಕಟ್ಟನ್ನು ಯಾಕೆ ಬೈಯುತ್ತೀರಿ? ಲಾರಿಯವರನ್ನು ಕೇಳಿ.

ಬಿಡುಹೊಳೆ: ಎಲ್ಲ ಅಣೆಕಟ್ಟೂ ಒಡೆಯಬೇಕು, ಅಷ್ಟೇ. ಎಲ್ವಾ ನದಿಯಲ್ಲಿ ಒಡೆದಿಲ್ವಾ?

ಗುಡ್ಡದನೀರು: ಒಡೆಯಿರಿ. ಆಮೇಲೆ ಸೈಕಲ್ ತುಳಿದು ಫೋನ್ ಚಾರ್ಜ್ ಮಾಡಿಕೊಳ್ಳಿ.

ಬಿಡುಹೊಳೆ: ಉತ್ತರ ಗೊತ್ತಿಲ್ಲದವರ ಮಾತು ಹೀಗೇ.

ಎಂಜಿನಿಯರ್: ಇಬ್ಬರೂ ಸುಮ್ನಿರಿ. ಬರುವುದು ನಿಂತಿದೆ, ಇದ್ದದ್ದನ್ನು ಒಯ್ದಿದ್ದಾರೆ. ಎರಡೂ ನಿಜ. ಅಮೆರಿಕದ ಎಲ್ವಾದಲ್ಲಿ 2011ರಿಂದ 2014ರವರೆಗೆ ಎರಡು ಅಣೆಕಟ್ಟು ತೆಗೆದರು, ಅದೂ ಹಂತಹಂತವಾಗಿ, ನಡುನಡುವೆ ನಿಲ್ಲಿಸಿ. ಆ ಅಣೆಕಟ್ಟುಗಳ ಹಿಂದೆ ಸುಮಾರು 2 ಕೋಟಿ ಘನ ಮೀಟರ್ ಹೂಳಿತ್ತು. ನದಿ ಮೊದಲು ಕೆಸರಾಯಿತು. ಆಮೇಲೆ ಸಮುದ್ರ ಸೇರುವಲ್ಲಿ ತೀರ ಬೆಳೆಯಿತು, ಸಾಲ್ಮನ್ ಮೀನು ಮೇಲಕ್ಕೆ ಹತ್ತಿದವು. ಎಲ್ಲ ಕಡೆ ಅದು ಆಗುವುದಿಲ್ಲ. ಜರ್ಮನಿಯಲ್ಲಿ ರೈನ್ ನದಿಯ ಇಫೆಟ್ಸ್‌ಹೈಮ್ ಅಣೆಯ ಕೆಳಗೆ 1978ರಿಂದ ಹಡಗಿನಲ್ಲಿ ಜಲ್ಲಿ ತಂದು ಸುರಿಯುತ್ತಲೇ ಇದ್ದಾರೆ. ನಿಲ್ಲಿಸಿದರೆ ತಳ ಮತ್ತೆ ಇಳಿಯುತ್ತದೆ.

ಹೊಳೆದಂಡೆಯವರೇ, ಉಪನದಿ ಕೇಳಿದ್ದು ಇದಕ್ಕೇ. ಅಮೆರಿಕದ ಕೊಲರಾಡೋ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಿಂದ 1996ರಲ್ಲಿ ಏಳು ದಿನ ಬೇಕೆಂದೇ ಪ್ರವಾಹ ಬಿಟ್ಟರು. ದಿಬ್ಬ ಎದ್ದವು. ಆದರೆ ಆ ಮರಳಲ್ಲಿ ಬಹಳಷ್ಟು ಹಳೇ ದಿಬ್ಬಗಳದ್ದೇ. ಆಮೇಲೆ ಬುದ್ಧಿ ಕಲಿತು, ಕೆಳಗೆ ಸೇರುವ ಉಪನದಿ ಹೊಸ ಮರಳು ತಂದ ಮೇಲೆ ಬಿಡತೊಡಗಿದರು. ನಿಮ್ಮಲ್ಲಿ ಮರಳು ತರುವವರೇ ಇಲ್ಲ. ಜಾಸ್ತಿ ನೀರು ಬಿಡಿ ಅಂತ ಅರ್ಜಿ ಹಾಕಬೇಡಿ, ಕೊರೆತ ಹೆಚ್ಚಾಗುತ್ತದೆ.

ಮೂರನೇಗೇಟು: ಜೀವಾಣು ಉಂಡೆ ಎಸೆದರೆ ಹೂಳು ಕರಗುತ್ತದೆ ಅಂತಲೂ ಬಂದಿದೆ.

ಎಂಜಿನಿಯರ್: ಹೂಳಲ್ಲಿ ಹೆಚ್ಚಿನದು ಕಲ್ಲಿನ ಪುಡಿ. ಜೀವಾಣು ಅದನ್ನು ತಿಂದು ಖಾಲಿ ಮಾಡಲ್ಲ. ಫಾರ್ವರ್ಡ್ ಸಾಕು.

ತೂಬುಗಾರ: ಹೂಳು ಹೊಲಕ್ಕೆ ಹಾಕಬಹುದಾ ಮೇಡಂ?

ಎಂಜಿನಿಯರ್: ಮೇಲೆ ಓದಿ.

ಆಮೆಗೂಡು: ಆಮೆ ಪ್ರಶ್ನೆ ಎರಡನೇ ಸಲ ಕೇಳುತ್ತಿದ್ದೇನೆ.

ಗುಡ್ಡದನೀರು: ಇಲ್ಲಿ ಸೇತುವೆ ಬೀಳುತ್ತಿದೆ, ನಿಮಗೆ ಆಮೆ.

ಆಮೆಗೂಡು: ನಿಮ್ಮನ್ನು ಕೇಳಲಿಲ್ಲ.

ಹೊಳೆದಂಡೆ: ಸೇತುವೆಯವರಿಗೆ ಬರೆದೆ. ನೋಡ್ತೀವಿ ಅಂದರು.

ಎಂಜಿನಿಯರ್: ಮಳೆಗೆ ಮೊದಲು ನೋಡಬೇಕು, ಹಾಗೇ ಬರೆಯಿರಿ. ಸೇತುವೆ ಮೇಲಿಂದ ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ತಳದವರೆಗೆ ಅಳೆಯಿರಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ. ನೀರಿಗೆ ಇಳಿಯಬೇಡಿ.